ಅಭಿಪ್ರಾಯ ಹೇಳುವವರ ಜೇಬು ಯಾರ ಕಡೆ?

(ಉಪನ್ಯಾಸದ ಬರಹ ರೂಪ)

ಅಮೆರಿಕದ ಸುದ್ದಿ ವಾಹಿನಿಗಳಲ್ಲಿ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬರುವ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ವರದಿಗಳಲ್ಲ, ವಾದಗಳು. ಅಲ್ಲಿ ಕೂತು ಮಾತಾಡುವ ನಿರೂಪಕ ಯಾವ ಪಕ್ಷದ ಕಡೆಯವನು ಎಂಬುದು ನೋಡುವವರಿಗೆಲ್ಲ ಗೊತ್ತು. ಗೊತ್ತಿರುವುದಕ್ಕೇ ನೋಡುತ್ತಾರೆ. ಹೀಗಿರುವಾಗ ಅವನು ತನ್ನ ಸಂಬಳದ ದುಡ್ಡಿನಲ್ಲಿ ಒಂದಿಷ್ಟನ್ನು ಅದೇ ಪಕ್ಷದ ಅಭ್ಯರ್ಥಿಗೆ ದೇಣಿಗೆಯಾಗಿ ಕೊಟ್ಟರೆ ಏನು ತಪ್ಪು? ಇವತ್ತಿನ ವಿಷಯ ಅದು.

ವರದಿಗಾರರ ವಿಷಯವನ್ನು ಮೊದಲೇ ಬದಿಗಿಡುತ್ತೇನೆ. ಚುನಾವಣೆಯನ್ನು ವರದಿ ಮಾಡುವವರು ಅಭ್ಯರ್ಥಿಗೆ ದುಡ್ಡು ಕೊಡಬಾರದು ಎಂಬುದರಲ್ಲಿ ಅಲ್ಲಿನ ದೊಡ್ಡ ಸುದ್ದಿಮನೆಗಳಿಗೆ ಅಂಥ ಭಿನ್ನಾಭಿಪ್ರಾಯವಿಲ್ಲ. ನ್ಯೂಯಾರ್ಕ್ ಟೈಮ್ಸ್‌ನ ನೀತಿಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂಕಣಕಾರರು ಸಾರ್ವಜನಿಕವಾಗಿ ಮಾತಾಡುವುದರಲ್ಲಿ ಉಳಿದವರಿಗಿಂತ ಹೆಚ್ಚು ಸ್ವತಂತ್ರರು ಎನ್ನುತ್ತದೆ. ಅಭ್ಯರ್ಥಿಗೆ ದುಡ್ಡು ಕೊಡುವ, ದುಡ್ಡು ಎತ್ತಿಕೊಡುವ ವಿಷಯಕ್ಕೆ ಬಂದಾಗ ಮಾತ್ರ ಸಿಬ್ಬಂದಿಗೆಲ್ಲ ಒಂದೇ ನಿಯಮ. ಅದಕ್ಕೆ ಅದು ಕೊಡುವ ಕಾರಣವೂ ಗಮನಿಸುವಂಥದ್ದು: ದೇಣಿಗೆಯ ದಾಖಲೆಗಳು ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ, ನೋಡಿದವರು ಪತ್ರಿಕೆಯೇ ಪಕ್ಷ ವಹಿಸಿದೆ ಅಂದುಕೊಳ್ಳುತ್ತಾರೆ. ಇದು ವರದಿಗಾರನಿಗೆ ಚೆನ್ನಾಗಿ ಹೊಂದುತ್ತದೆ. ಪಕ್ಷ ವಹಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ಹೊಂದುವುದಿಲ್ಲ. ಅವನು ಕೊಡಬಾರದು ಅಂತ ಹೇಳಬೇಕಾದರೆ ಬೇರೆ ಕಾರಣ ಬೇಕು. ಆ ಕಾರಣ ಇದೆ ಎಂಬುದು ನನ್ನ ವಾದ.

2010ರ ನವೆಂಬರ್‌ನಲ್ಲಿ ಈ ಪ್ರಶ್ನೆ ಬೀದಿಗೆ ಬಂತು. ಎಂಎಸ್‌ಎನ್‌ಬಿಸಿ ಸುದ್ದಿ ವಾಹಿನಿಯ ನಿರೂಪಕ ಕೀತ್ ಓಲ್ಬರ್ಮನ್ ಮೂವರು ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ತಲಾ 2,400 ಡಾಲರ್ ಕೊಟ್ಟಿದ್ದರು: ಕೆಂಟಕಿಯಲ್ಲಿ ಸೆನೆಟ್‌ಗೆ ನಿಂತಿದ್ದ ಜ್ಯಾಕ್ ಕಾನ್ವೇ, ಅರಿಜೋನಾದಿಂದ ಪ್ರತಿನಿಧಿ ಸಭೆಗೆ ನಿಂತಿದ್ದ ರಾವುಲ್ ಗ್ರಿಹಾಲ್ವ ಮತ್ತು ಗೇಬ್ರಿಯೆಲ್ ಗಿಫರ್ಡ್ಸ್. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾದ ಗರಿಷ್ಠ ಮೊತ್ತ ಆಗ 2,400 ಡಾಲರ್. ಅಂದರೆ ಕಾನೂನು ಒಪ್ಪುವ ಕೊನೆಯ ಡಾಲರಿನವರೆಗೂ ಕೊಟ್ಟಿದ್ದರು, ಒಂದು ಡಾಲರ್ ಕೂಡ ಮೀರಿರಲಿಲ್ಲ. ಸುದ್ದಿ ಹೊರಬಿದ್ದ ನವೆಂಬರ್ 5ರಂದು ವಾಹಿನಿ ಅವರನ್ನು ಅನಿರ್ದಿಷ್ಟ ಕಾಲ, ಸಂಬಳವಿಲ್ಲದೆ ಅಮಾನತು ಮಾಡಿತು. ಆ ‘ಅನಿರ್ದಿಷ್ಟ ಕಾಲ’ ಎರಡು ಸಂಚಿಕೆಗಳಿಗೆ ಮುಗಿಯಿತು. 9ನೇ ತಾರೀಖು ಮತ್ತೆ ಪರದೆಯ ಮೇಲಿದ್ದರು.

ಅದೇ ತಿಂಗಳ 19ರಂದು ಅದೇ ವಾಹಿನಿಯ ಬೆಳಗಿನ ನಿರೂಪಕ, ರಿಪಬ್ಲಿಕನ್ ಪಕ್ಷದ ಮಾಜಿ ಸಂಸದ ಜೋ ಸ್ಕಾರ್ಬರೋ ಅವರಿಗೂ ಎರಡು ದಿನದ ಅಮಾನತಾಯಿತು. ಅವರು ಫ್ಲೋರಿಡಾದ ಸ್ಥಳೀಯ ಚುನಾವಣೆಗಳಲ್ಲಿ ನಿಂತ ಗೆಳೆಯರಿಗೂ ಬಂಧುಗಳಿಗೂ ಹಿಂದಿನ ಕೆಲವು ವರ್ಷಗಳಲ್ಲಿ ಐನೂರು ಡಾಲರ್‌ನಂತೆ ಎಂಟು ಸಲ ಕೊಟ್ಟಿದ್ದರು. ಎರಡೂ ಪ್ರಕರಣಗಳಲ್ಲಿ ವಾಹಿನಿ ತೋರಿಸಿದ ತಪ್ಪು ಒಂದೇ: ಮೇಲಧಿಕಾರಿಯಿಂದ ಮುಂಚಿತವಾಗಿ ಅನುಮತಿ ಪಡೆದಿರಲಿಲ್ಲ. ಕೊಟ್ಟದ್ದು ತಪ್ಪಲ್ಲ, ಕೇಳದೆ ಕೊಟ್ಟದ್ದು ತಪ್ಪು.

ಇನ್ನೊಂದು ಕಡೆ, ಅದೇ ವರ್ಷ ಫಾಕ್ಸ್ ನ್ಯೂಸ್‌ನ ನಿರೂಪಕ ಶಾನ್ ಹ್ಯಾನಿಟಿ ರಿಪಬ್ಲಿಕನ್ ಸಂಸದೆ ಮಿಶೆಲ್ ಬಾಕ್ಮನ್ ಅವರ ಪ್ಯಾಕ್‌ಗೆ, ಅಂದರೆ ರಾಜಕೀಯ ನಿಧಿ ಸಮಿತಿಗೆ, 5,000 ಡಾಲರ್ ಕೊಟ್ಟಿದ್ದರು. ಅದಕ್ಕೆ ಅಮಾನತೂ ಆಗಲಿಲ್ಲ, ಯಾರೂ ಆಗಬೇಕೆಂದು ನಿರೀಕ್ಷಿಸಲೂ ಇಲ್ಲ. ಒಂದೇ ಬಗೆಯ ಕೆಲಸ, ಒಂದೇ ಬಗೆಯ ದೇಣಿಗೆ, ಒಂದು ಕಟ್ಟಡದಲ್ಲಿ ಶಿಕ್ಷೆ, ಇನ್ನೊಂದರಲ್ಲಿ ಅದು ಸುದ್ದಿಯೇ ಅಲ್ಲ.

ಓಲ್ಬರ್ಮನ್ ಪ್ರಕರಣದಲ್ಲಿ ಹೆಚ್ಚಿನವರು ಚರ್ಚಿಸಿದ್ದು ಮೊತ್ತವನ್ನು ಮತ್ತು ನಿಯಮವನ್ನು. ನನಗೆ ಮುಖ್ಯವಾಗಿ ಕಾಣುವುದು ತಾರೀಖು. ಅರಿಜೋನಾದ ಇಬ್ಬರಿಗೆ ದುಡ್ಡು ಹೋದದ್ದು ಅಕ್ಟೋಬರ್ 28ರಂದು. ಅದೇ ದಿನ ಓಲ್ಬರ್ಮನ್ ಅವರ ಕಾರ್ಯಕ್ರಮದಲ್ಲಿ ಗ್ರಿಹಾಲ್ವ ಅತಿಥಿಯಾಗಿದ್ದರು. ಮತದಾನ ನವೆಂಬರ್ 2ಕ್ಕೆ. ನೋಡುಗನ ಎದುರು ಒಬ್ಬ ನಿರೂಪಕ, ಒಬ್ಬ ಅಭ್ಯರ್ಥಿ, ನಡುವೆ ಪ್ರಶ್ನೋತ್ತರ. ಪ್ರಶ್ನೆ ಕೇಳುವವನೇ ಉತ್ತರ ಹೇಳುವವನ ದಾನಿ ಎಂಬುದು ನೋಡುಗನಿಗೆ ತಿಳಿಯದು. ನಿರೂಪಕನ ಅಭಿಪ್ರಾಯ ಬಯಲಲ್ಲಿತ್ತು, ಅವನ ಸಂಬಂಧ ಬಯಲಲ್ಲಿರಲಿಲ್ಲ. ಎರಡೂ ಬೇರೆ ಬೇರೆ ವಸ್ತುಗಳು.

ಈಗ ಕಾನೂನು ಏನನ್ನು ಎಣಿಸುತ್ತದೆ, ಏನನ್ನು ಬಿಡುತ್ತದೆ ನೋಡೋಣ. ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಚುನಾವಣಾ ಕಾನೂನಿನಲ್ಲಿ ಪತ್ರಿಕಾ ವಿನಾಯಿತಿ ಅಂತ ಒಂದಿದೆ. ಪ್ರಸಾರ ಕೇಂದ್ರ, ಪತ್ರಿಕೆ, ನಿಯತಕಾಲಿಕಗಳ ಮೂಲಕ ಬರುವ ಸುದ್ದಿ, ವ್ಯಾಖ್ಯಾನ, ಸಂಪಾದಕೀಯ ಚುನಾವಣಾ ವೆಚ್ಚವಲ್ಲ ಎಂಬುದು ಅದರ ಸಾರ. ಷರತ್ತು ಒಂದೇ, ಆ ಮಾಧ್ಯಮ ಒಂದು ಪಕ್ಷದ, ರಾಜಕೀಯ ಸಮಿತಿಯ ಅಥವಾ ಅಭ್ಯರ್ಥಿಯ ಒಡೆತನದಲ್ಲಿ, ಹಿಡಿತದಲ್ಲಿ ಇರಬಾರದು. ಹೀಗಾಗಿ ನಿರೂಪಕ ಒಂದು ಗಂಟೆ ಪೂರ್ತಿ ಒಬ್ಬ ಅಭ್ಯರ್ಥಿಯನ್ನು ಹೊಗಳಿದರೂ ಎಣಿಕೆಗೆ ಬರುವುದು ಸೊನ್ನೆ. ಅದೇ ಹೊತ್ತನ್ನು ಅಭ್ಯರ್ಥಿ ಜಾಹೀರಾತಾಗಿ ಕೊಳ್ಳಹೊರಟರೆ ಒಂದು ವ್ಯಕ್ತಿಗತ ದೇಣಿಗೆಯಿಂದ ಎಷ್ಟು ಸೆಕೆಂಡು ಸಿಕ್ಕೀತು, ನೀವೇ ಯೋಚಿಸಿ.

ದೇಣಿಗೆ ಕೊಡಲಿ ಬಿಡಿ ಎನ್ನುವವರ ಅತ್ಯಂತ ಗಟ್ಟಿ ವಾದ ಇದರ ಮೇಲೆಯೇ ನಿಂತಿದೆ. ಬೆಟ್ಟದಷ್ಟು ಪ್ರಚಾರವನ್ನು ಮಾತಿನಲ್ಲಿ ಕೊಡಲು ಬಿಟ್ಟು, ಕಡ್ಡಿಯಷ್ಟು ದುಡ್ಡು ಕೊಟ್ಟಾಗ ಹಿಡಿಯುವುದು ಆಷಾಢಭೂತಿತನ ಎನ್ನುತ್ತಾರೆ. ಮಾತಿಗೆ ಲೆಕ್ಕವಿಲ್ಲ, ದುಡ್ಡಿಗಾದರೂ ದಾಖಲೆಯಿದೆ, ಕೊಟ್ಟರೆ ಪಾರದರ್ಶಕತೆ ಹೆಚ್ಚುತ್ತದೆ ಎಂದೂ ಸೇರಿಸುತ್ತಾರೆ.

ಈ ಲೆಕ್ಕ ಸರಿಯಾದದ್ದು. ಆದರೆ ಅದನ್ನು ತಿರುಗಿಸಿ ಓದಿ. ಕೋಟಿಗಟ್ಟಲೆ ಡಾಲರ್ ಖರ್ಚಾಗುವ ಸೆನೆಟ್ ಚುನಾವಣೆಯಲ್ಲಿ 2,400 ಡಾಲರ್‌ನಿಂದ ಅಭ್ಯರ್ಥಿಗೆ ಆಗುವ ಉಪಕಾರ ಲೆಕ್ಕಕ್ಕೇ ಬರುವುದಿಲ್ಲ. ನಿರೂಪಕನ ಮಾತು ಅಭ್ಯರ್ಥಿಗೆ ಈಗಾಗಲೇ ಸಿಕ್ಕಿದೆ. ಹಾಗಾದರೆ ದುಡ್ಡು ನಿಜವಾಗಿ ಬದಲಾಯಿಸುವುದು ಯಾರನ್ನು? ಕೊಟ್ಟವನನ್ನು. ಅಭ್ಯರ್ಥಿಗೆ ಬರುವುದು ಅತ್ಯಲ್ಪ, ನಿರೂಪಕ ಕಳೆದುಕೊಳ್ಳುವುದು ಬಹಳ.

ಏನು ಕಳೆದುಕೊಳ್ಳುತ್ತಾನೆ? ಒಂದು, ಅವನು ದಾನಿಗಳ ಪಟ್ಟಿಗೆ ಸೇರುತ್ತಾನೆ. ಪ್ರಚಾರ ಸಮಿತಿಗಳು ಆ ಪಟ್ಟಿಯನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಗರಿಷ್ಠ ಮೊತ್ತ ಕೊಟ್ಟವರಿಗೆ ಧನ್ಯವಾದದ ಕರೆ ಬರುತ್ತದೆ, ಮುಂದಿನ ಸುತ್ತಿನ ಕೋರಿಕೆ ಬರುತ್ತದೆ, ಸಂಜೆಯ ಕೂಟಕ್ಕೆ ಆಹ್ವಾನ ಬರುತ್ತದೆ. ಎರಡು, ಗೆಲುವಿನಲ್ಲಿ ಅವನಿಗೂ ಒಂದು ಪಾಲು ಹುಟ್ಟುತ್ತದೆ. ಅಭಿಪ್ರಾಯವನ್ನು ಮುಂದಿನ ವಾರ ಬದಲಿಸಬಹುದು, ದಾಖಲಾದ ದೇಣಿಗೆಯನ್ನು ಹಾಗೆ ಬದಲಿಸಲಾಗದು; ತಾನು ದುಡ್ಡು ಹಾಕಿದ ಅಭ್ಯರ್ಥಿ ಎಡವಿದಾಗ ಅದನ್ನು ಹೇಳುವುದೆಂದರೆ ತನ್ನ ಆಯ್ಕೆಯೇ ತಪ್ಪಾಗಿತ್ತು ಎಂದು ಹೇಳಿದಂತೆ. ಇಲ್ಲಿ ಕೆಡುವುದು ಎದುರು ಪಕ್ಷದ ಬಗೆಗಿನ ನ್ಯಾಯವಲ್ಲ. ಅದನ್ನು ಈ ನಿರೂಪಕನಿಂದ ಯಾರೂ ನಿರೀಕ್ಷಿಸಿರಲಿಲ್ಲ. ಕೆಡುವುದು ಸ್ವಪಕ್ಷದ ಬಗ್ಗೆ ನಿಷ್ಠುರವಾಗಿ ಮಾತಾಡುವ ಶಕ್ತಿ. ಅಭಿಪ್ರಾಯ ಹೇಳುವವನಿಗೂ ಪಕ್ಷದ ವಕ್ತಾರನಿಗೂ ಇರುವ ವ್ಯತ್ಯಾಸ ಅದೊಂದೇ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಒಂದೇ ಪಕ್ಷದ ಐದಾರು ಜನ ಎದುರುಬದುರು ನಿಂತಾಗ ಇದರ ಪರಿಣಾಮ ಇನ್ನೂ ಹೆಚ್ಚು. ಅಲ್ಲಿ ‘ಇವನು ಎಡಪಂಥದವನು’, ‘ಇವನು ಬಲಪಂಥದವನು’ ಎಂಬ ಹಣೆಪಟ್ಟಿಯಿಂದ ನೋಡುಗನಿಗೆ ಏನೂ ತಿಳಿಯುವುದಿಲ್ಲ. ದೇಣಿಗೆ ಆ ಐದಾರು ಜನರಲ್ಲಿ ಯಾರಿಗೆ ಹೋಗಿದೆ ಎಂಬುದೇ ನಿಜವಾದ ಮಾಹಿತಿ.

ಪಾಲು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಒಂದು ಉದಾಹರಣೆ. ರಿಪಬ್ಲಿಕನ್ ಪಕ್ಷದ ತಂತ್ರಗಾರ ಕಾರ್ಲ್ ರೋವ್ ಫಾಕ್ಸ್‌ನಲ್ಲಿ ವಿಶ್ಲೇಷಕರಾಗಿದ್ದಾಗಲೇ ಅಮೆರಿಕನ್ ಕ್ರಾಸ್‌ರೋಡ್ಸ್ ಎಂಬ ಸೂಪರ್ ಪ್ಯಾಕ್‌ (ಮಿತಿಯಿಲ್ಲದೆ ದೇಣಿಗೆ ಪಡೆಯಬಹುದಾದ ನಿಧಿ ಸಮಿತಿ) ಕಟ್ಟಿದವರಲ್ಲಿ ಒಬ್ಬರು. 2012ರ ನವೆಂಬರ್ 6ರ ರಾತ್ರಿ ಫಾಕ್ಸ್‌ನ ಫಲಿತಾಂಶ ತಂಡ ಅಧ್ಯಕ್ಷೀಯ ಚುನಾವಣೆಯಲ್ಲಿ ಒಹಾಯೋ ರಾಜ್ಯ ಡೆಮಾಕ್ರಟ್ ಒಬಾಮ ಪಾಲಾಯಿತು ಎಂದು ಘೋಷಿಸಿದಾಗ ರೋವ್ ಅದನ್ನು ನೇರ ಪ್ರಸಾರದಲ್ಲೇ ಒಪ್ಪಲಿಲ್ಲ. ನಿರೂಪಕಿ ಮೆಗಿನ್ ಕೆಲ್ಲಿ ಎದ್ದು ಫಲಿತಾಂಶ ತಂಡದ ಕೋಣೆಗೇ ನಡೆದು ಹೋಗಿ ಕೇಳಬೇಕಾಯಿತು. ಆ ತಂಡ ತನ್ನ ಮಾತಿಗೆ ನಿಂತಿತು, ಅದೇ ಸರಿಯೂ ಆಗಿತ್ತು. ಆ ಗಳಿಗೆಯಲ್ಲಿ ಮಾತಾಡಿದ್ದು ಅಂಕಿಅಂಶ ಬಲ್ಲ ವಿಶ್ಲೇಷಕನೋ, ದಾನಿಗಳಿಗೆ ಉತ್ತರ ಕೊಡಬೇಕಾದ ನಿಧಿ ಸಂಗ್ರಾಹಕನೋ? ಹೊರಗಿನವರು ಹೇಳಲು ಸಾಧ್ಯವಿಲ್ಲ. ಎರಡು ಟೋಪಿ ಹಾಕಿಕೊಂಡವನ ತೊಂದರೆಯೇ ಅದು. ಅವನು ಪ್ರಾಮಾಣಿಕನಾಗಿದ್ದರೂ ಅದನ್ನು ತೋರಿಸುವ ದಾರಿ ಇರುವುದಿಲ್ಲ.

ನಿಧಿ ಎತ್ತಿಕೊಡುವುದನ್ನು ನಾನು ದೇಣಿಗೆಗಿಂತ ಬಹಳ ಗಂಭೀರ ಎಂದೇ ಎಣಿಸುತ್ತೇನೆ. ದೇಣಿಗೆಗೆ ಮಿತಿಯಿದೆ. ತನ್ನ ಹೆಸರು, ಮುಖ, ನೋಡುಗರ ನಂಬಿಕೆಯನ್ನು ಬಳಸಿ ಬೇರೆಯವರಿಂದ ಎತ್ತಿಸುವ ದುಡ್ಡಿಗೆ ಅಂಥ ಮಿತಿಯಿಲ್ಲ. ಎಷ್ಟೋ ಸುದ್ದಿಮನೆಗಳ ನಿಯಮದಲ್ಲಿ ಚೆಕ್ ಬರೆಯುವುದು ದೊಡ್ಡಕ್ಷರದಲ್ಲಿದ್ದು, ನಿಧಿ ಸಂಗ್ರಹದ ಕೂಟದಲ್ಲಿ ಭಾಷಣ ಮಾಡುವುದು ಕೊನೆಯ ಸಾಲಿನಲ್ಲಿರುತ್ತದೆ. ತಿರುವುಮುರುವಾಗಬೇಕಿತ್ತು.

ಇನ್ನು ದಾಖಲೆ. ಇದರಲ್ಲಿ ಎಡವುವವರು ಬಹಳ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಬ್ಬ ವ್ಯಕ್ತಿ ಒಬ್ಬ ಫೆಡರಲ್ ಅಭ್ಯರ್ಥಿಗೆ ಒಂದು ಚುನಾವಣಾ ಅವಧಿಯಲ್ಲಿ ಕೊಟ್ಟ ಒಟ್ಟು ಮೊತ್ತ 200 ಡಾಲರ್ ದಾಟಿದರೆ ಅಭ್ಯರ್ಥಿಯ ಸಮಿತಿ ಅವನ ಹೆಸರು, ವಿಳಾಸ, ಉದ್ಯೋಗ, ಉದ್ಯೋಗ ಕೊಟ್ಟವರ ಹೆಸರು, ತಾರೀಖು, ಮೊತ್ತ ಎಲ್ಲವನ್ನೂ ಫೆಡರಲ್ ಚುನಾವಣಾ ಆಯೋಗಕ್ಕೆ ಬರೆದು ಕೊಡಬೇಕು. ಆಯೋಗ ಅದನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಸಾಮಾನ್ಯವಾಗಿ ಈ ವರದಿಗಳು ಮೂರು ತಿಂಗಳಿಗೊಮ್ಮೆ. ಮತದಾನ ಹತ್ತಿರವಾದಾಗ ಲೆಕ್ಕ ಬದಲಾಗುತ್ತದೆ: ಕೊನೆಯ ಇಪ್ಪತ್ತು ದಿನಗಳೊಳಗೆ ಬಂದ 1,000 ಡಾಲರ್ ಮತ್ತು ಅದಕ್ಕಿಂತ ದೊಡ್ಡ ದೇಣಿಗೆಗಳನ್ನು 48 ಗಂಟೆಗಳಲ್ಲಿ ತಿಳಿಸಬೇಕು. ಅಕ್ಟೋಬರ್ 28ರ 2,400 ಡಾಲರ್ ಈ ಅವಧಿಯೊಳಗೇ ಬೀಳುತ್ತದೆ. ಕೊನೆ ಗಳಿಗೆಯಲ್ಲಿ ಕೊಟ್ಟರೆ ಚುನಾವಣೆ ಮುಗಿಯುವವರೆಗೆ ಯಾರಿಗೂ ಗೊತ್ತಾಗದು ಅಂದುಕೊಳ್ಳುವುದು ತಪ್ಪು. ದೊಡ್ಡ ಮೊತ್ತವಾದರೆ ಬೇಗ ಗೊತ್ತಾಗುತ್ತದೆ.

200ಕ್ಕಿಂತ ಕಡಿಮೆ ಕೊಟ್ಟರೆ ಹೆಸರು ಬರುವುದಿಲ್ಲ ಎಂಬ ಇನ್ನೊಂದು ನಂಬಿಕೆಯೂ ಅರ್ಧ ಸತ್ಯ. ಆಕ್ಟ್‌ಬ್ಲೂ, ವಿನ್‌ರೆಡ್‌ನಂಥ ಆನ್‌ಲೈನ್ ದೇಣಿಗೆ ವೇದಿಕೆಗಳ ಮೂಲಕ ಕೊಟ್ಟರೆ ಆ ವೇದಿಕೆ ನಡುವಿನ ಸಾಗಣೆದಾರ. ತನ್ನ ಮೂಲಕ ಹಾದುಹೋದ ಸಣ್ಣ ಮೊತ್ತಗಳನ್ನೂ ಅದು ತನ್ನ ವರದಿಯಲ್ಲಿ ಹೆಸರು ಸಮೇತ ತೋರಿಸುತ್ತದೆ. ಹತ್ತು ಡಾಲರ್ ಕೊಟ್ಟವರೂ ಹುಡುಕಿದರೆ ಸಿಗುತ್ತಾರೆ. ಪ್ರತಿ ತಿಂಗಳೂ ತಾನಾಗಿ ಕಡಿತವಾಗುವ ದೇಣಿಗೆಯಾದರೆ ಇನ್ನೂ ಸುಲಭ: ತಿಂಗಳಿಗೆ 25 ಡಾಲರ್‌ನಂತೆ ಎಂಟನೇ ತಿಂಗಳಿಗೆ ಸರಿಯಾಗಿ 200, ಒಂಬತ್ತನೇ ತಿಂಗಳಿಗೆ ಗೆರೆ ದಾಟಿತು. ಕೊಟ್ಟವನಿಗೆ ನೆನಪೇ ಇರುವುದಿಲ್ಲ.

ಹುಡುಕುವವರು ಮಾಡುವ ತಪ್ಪುಗಳು ಬೇರೆ. ವೇದಿಕೆಯ ವರದಿಯಲ್ಲಿ ಒಮ್ಮೆ, ಅಭ್ಯರ್ಥಿಯ ಸಮಿತಿಯ ವರದಿಯಲ್ಲಿ ಇನ್ನೊಮ್ಮೆ ಒಂದೇ ದೇಣಿಗೆ ಕಾಣಿಸುತ್ತದೆ. ಎರಡನ್ನೂ ಕೂಡಿದರೆ ಮೊತ್ತ ಇಮ್ಮಡಿಯಾಯಿತು. ಮಾಹಿತಿಗಷ್ಟೇ ಬರೆದ, ಟಿಪ್ಪಣಿ ನಮೂದು (ಮೆಮೊ) ಎಂದು ಗುರುತಾದ ಸಾಲುಗಳನ್ನು ಮೊತ್ತಕ್ಕೆ ಸೇರಿಸಬಾರದು. ಹಿಂತಿರುಗಿಸಿದ ದುಡ್ಡನ್ನು ಕಳೆಯಬೇಕು. ಒಂದೇ ಹೆಸರಿನವರು ಹತ್ತಾರು ಜನ ಇರುತ್ತಾರೆ; ಊರು ಮತ್ತು ಉದ್ಯೋಗದಾತರ ಹೆಸರು ಎರಡೂ ಹೊಂದುವವರೆಗೆ ಒಬ್ಬರ ತಲೆಗೆ ಕಟ್ಟಬಾರದು. ಉದ್ಯೋಗದ ಜಾಗದಲ್ಲಿ ದಾನಿ ತಾನೇ ಬರೆದದ್ದು ಇರುತ್ತದೆ. ದೊಡ್ಡ ನಿರೂಪಕ ಅಲ್ಲಿ ‘ಬರಹಗಾರ’, ‘ಸ್ವಯಂ ಉದ್ಯೋಗಿ’ ಎಂದು ಬರೆದಿರಬಹುದು, ವಾಹಿನಿಯ ಹೆಸರಿನಿಂದ ಹುಡುಕಿದರೆ ಸಿಗುವುದೇ ಇಲ್ಲ. ಹಾಗೆಯೇ ರಾಜ್ಯ ಮಟ್ಟದ ಚುನಾವಣೆಗೆ ಕೊಟ್ಟದ್ದು ಫೆಡರಲ್ ಆಯೋಗದಲ್ಲಿ ಇರುವುದಿಲ್ಲ. ಆಯಾ ರಾಜ್ಯದ ಚುನಾವಣಾ ಇಲಾಖೆಯ ದಾಖಲೆಯಲ್ಲೇ ನೋಡಬೇಕು. ಸ್ಕಾರ್ಬರೋ ಕೊಟ್ಟಂಥ ಸ್ಥಳೀಯ ದೇಣಿಗೆಗಳು ವರ್ಷಗಟ್ಟಲೆ ಕಣ್ಣಿಗೆ ಬೀಳದಿರುವುದು ಇದೇ ಕಾರಣಕ್ಕೆ.

ಉದ್ಯೋಗದ ಹೆಸರನ್ನು ನಂಬಿ ಮಾಡಿದ ಎಣಿಕೆಗಳನ್ನೂ ಎಚ್ಚರದಿಂದ ಓದಬೇಕು. 2007ರಲ್ಲಿ ಎಂಎಸ್‌ಎನ್‌ಬಿಸಿ ಜಾಲತಾಣದ ತನಿಖೆ 2004ರಿಂದೀಚೆಗೆ ದೇಣಿಗೆ ಕೊಟ್ಟ 143 ಪತ್ರಕರ್ತರನ್ನು ಗುರುತಿಸಿತು. ಅವರಲ್ಲಿ 125 ಜನ ಡೆಮಾಕ್ರಟರಿಗೆ ಮತ್ತು ಉದಾರವಾದಿ ಸಂಘಟನೆಗಳಿಗೆ, 16 ಜನ ರಿಪಬ್ಲಿಕನ್ನರಿಗೆ, ಇಬ್ಬರು ಎರಡೂ ಕಡೆಗೆ ಕೊಟ್ಟಿದ್ದರು. 2016ರಲ್ಲಿ ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಎಂಬ ತನಿಖಾ ಪತ್ರಿಕೋದ್ಯಮ ಸಂಸ್ಥೆ ಎಣಿಸಿದಾಗ ಪತ್ರಕರ್ತರಿಂದ ಹಿಲರಿ ಕ್ಲಿಂಟನ್ ಮತ್ತು ಟ್ರಂಪ್ ಪ್ರಚಾರಕ್ಕೆ ಹೋದ ಸುಮಾರು 3,96,000 ಡಾಲರ್‌ನಲ್ಲಿ ಶೇ. 96ಕ್ಕೂ ಹೆಚ್ಚು ಕ್ಲಿಂಟನ್ ಪಾಲಾಗಿತ್ತು. ಈ ಸಂಖ್ಯೆಗಳನ್ನು ಹಿಡಿದು ಇಡೀ ಮಾಧ್ಯಮದ ಒಲವನ್ನು ಅಳೆಯುವವರಿದ್ದಾರೆ. ಆದರೆ ಅವು ಹೇಳುವುದು ಕೊಟ್ಟವರ ಬಗ್ಗೆ ಮಾತ್ರ. ನಿಯಮಕ್ಕೆ ತಲೆಬಾಗಿ ಕೊಡದೆ ಉಳಿದ ಸಾವಿರಾರು ಜನ ಆ ಲೆಕ್ಕದಲ್ಲಿಲ್ಲ.

ಇಷ್ಟು ತಿಳಿದ ಮೇಲೆ ಒಂದು ಸುದ್ದಿ ಸಂಸ್ಥೆ ಎಂಥ ನಿಯಮ ಬರೆಯಬೇಕು? ಮೊದಲು, ಎಂಥದ್ದನ್ನು ಬರೆಯಬಾರದು ಎಂದು ಹೇಳಿಬಿಡುತ್ತೇನೆ. ಮುಂಚಿತ ಅನುಮತಿಯ ನಿಯಮ ಎಲ್ಲಕ್ಕಿಂತ ಕೆಟ್ಟದ್ದು. ಮೇಲ್ನೋಟಕ್ಕೆ ಅದು ನಡುದಾರಿಯಂತೆ ಕಾಣುತ್ತದೆ. ಆದರೆ ಅನುಮತಿ ಕೊಟ್ಟ ಕ್ಷಣ ಆ ದೇಣಿಗೆಯಲ್ಲಿ ಸಂಸ್ಥೆಯೂ ಪಾಲುದಾರ: ‘ನಮ್ಮ ನಿರೂಪಕ ಇಂಥವರಿಗೆ ಕೊಡುವುದು ನಮಗೆ ಒಪ್ಪಿಗೆ’ ಎಂದು ಬರೆದುಕೊಟ್ಟ ಹಾಗಾಯಿತು. ಅನುಮತಿ ನಿರಾಕರಿಸಿದರೆ, ಹೋದ ವರ್ಷ ಇನ್ನೊಬ್ಬನಿಗೆ ಯಾಕೆ ಕೊಟ್ಟಿರಿ ಎಂಬ ಪ್ರಶ್ನೆ. ಎಡಕ್ಕೊಂದು ಬಲಕ್ಕೊಂದು ಎಂದು ಲೆಕ್ಕ ಸರಿದೂಗಿಸುವ ಕೆಲಸ ಸುದ್ದಿ ಮುಖ್ಯಸ್ಥನ ಮೇಜಿಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೋಡುಗನಿಗೆ ಇದರಿಂದ ಏನೂ ಸಿಗುವುದಿಲ್ಲ. ಅನುಮತಿ ಎಂಬುದು ಮಾಲೀಕ ಮತ್ತು ನೌಕರನ ನಡುವಿನ ಕಾಗದ. ಓಲ್ಬರ್ಮನ್ ಅನುಮತಿ ಪಡೆದಿದ್ದರೂ ಅಕ್ಟೋಬರ್ 28ರ ಸಂದರ್ಶನ ನೋಡಿದವನಿಗೆ ಗೊತ್ತಾಗುತ್ತಿದ್ದುದು ಅಷ್ಟೇ.

ಹಾಗಾಗಿ ನಿಯಮ ನೇರವಾಗಿರಲಿ. ತಾನು ಚರ್ಚಿಸುವ ಚುನಾವಣೆಗಳ ಅಭ್ಯರ್ಥಿಗೆ, ಪಕ್ಷಕ್ಕೆ, ಪ್ಯಾಕ್‌ಗೆ ಕೊಡುವುದಿಲ್ಲ, ಎತ್ತಿಕೊಡುವುದಿಲ್ಲ. ರಾಷ್ಟ್ರ ರಾಜಕಾರಣ ಮಾತಾಡುವ ನಿರೂಪಕನಿಗೆ ಇದು ಹೆಚ್ಚುಕಡಿಮೆ ಎಲ್ಲ ಫೆಡರಲ್ ಚುನಾವಣೆಗಳಿಗೂ ಅನ್ವಯಿಸುತ್ತದೆ. ತಂಗಿ ಶಾಲಾ ಮಂಡಳಿಗೆ ನಿಂತರೆ ಕೊಡಲಿ, ಮಂಡಳಿಯ ಸುದ್ದಿ ತೆಗೆಯದಿರಲಿ.

ನಿಯಮ ಸೋರುವ ಜಾಗಗಳನ್ನೂ ಬರೆಯುವಾಗಲೇ ಮುಚ್ಚಬೇಕು. ಪೂರ್ಣಾವಧಿ ನೌಕರರನ್ನು ಮಾತ್ರ ಹೆಸರಿಸಿದರೆ, ಗುತ್ತಿಗೆಯ ಮೇಲೆ ವಾರಕ್ಕೆರಡು ಸಲ ಬಂದು ಕೂರುವ ವಿಶ್ಲೇಷಕರು ಹೊರಗುಳಿಯುತ್ತಾರೆ. ಪರದೆಯ ಮೇಲೆ ಅತಿ ಹೆಚ್ಚು ಪಕ್ಷಪಾತ ಕಾಣುವುದು ಅವರಲ್ಲೇ. ‘ದೇಣಿಗೆ’ ಎಂದಷ್ಟೇ ಬರೆದರೆ, ಪ್ರಚಾರದ ಅಂಗಿ ಟೋಪಿ ಕೊಂಡೆ, ಕೂಟದ ಟಿಕೆಟ್ ತೆಗೆದುಕೊಂಡೆ ಎನ್ನುವವರಿರುತ್ತಾರೆ. ಚುನಾವಣಾ ಆಯೋಗದ ಪ್ರಕಾರ ಸಮಿತಿಯಿಂದ ಕೊಂಡ ವಸ್ತುವಿನ, ಟಿಕೆಟ್ಟಿನ ಪೂರ್ತಿ ಬೆಲೆಯೂ ದೇಣಿಗೆಯೇ. ರಾಜಕೀಯಕ್ಕಿಳಿಯುವ, ಆದರೆ ದಾನಿಗಳ ಹೆಸರು ಹೇಳಬೇಕಿಲ್ಲದ ‘ಸಮಾಜ ಕಲ್ಯಾಣ’ ಸಂಸ್ಥೆಗಳು ತೆರಿಗೆ ಕಾನೂನಿನ 501(ಸಿ)(4) ಕಲಮಿನಡಿ ಇವೆ. ಅವುಗಳನ್ನು ನಿಯಮದಲ್ಲಿ ಹೆಸರಿಸದಿದ್ದರೆ ನಿಷೇಧದ ಫಲ ಒಂದೇ: ಕಾಣುವ ದುಡ್ಡು ಕಾಣದ ದಾರಿ ಹಿಡಿಯುತ್ತದೆ. ಅಲ್ಲಿ ಹೊರಗಿನವರು ಹಿಡಿಯಲಾರರು, ವರ್ಷಕ್ಕೊಮ್ಮೆ ಬರಹದಲ್ಲಿ ಘೋಷಣೆ ಪಡೆಯುವುದೊಂದೇ ಉಪಾಯ.

ಗಂಡ ಅಥವಾ ಹೆಂಡತಿಯ ದೇಣಿಗೆ ಸೂಕ್ಷ್ಮ ವಿಷಯ. ಕಾನೂನಿನ ಕಣ್ಣಿನಲ್ಲಿ ಇಬ್ಬರಿಗೂ ಬೇರೆ ಬೇರೆ ಮಿತಿ, ಬೇರೆ ಬೇರೆ ಹಕ್ಕು. ಸಂಸ್ಥೆ ಸಂಗಾತಿಯ ಕೈ ಕಟ್ಟಲಾರದು, ಕಟ್ಟಲೂಬಾರದು. ಆದರೆ ನಿರೂಪಕ ತನ್ನ ದುಡ್ಡನ್ನು ಸಂಗಾತಿಯ ಹೆಸರಿನಲ್ಲಿ ದಾಟಿಸಿದರೆ ಅದು ನೀತಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಅಪರಾಧವಾಗುತ್ತದೆ. ಬೇರೆಯವರ ಹೆಸರಿನಲ್ಲಿ ದೇಣಿಗೆ ಕೊಡುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ರಾಜಕೀಯ ವ್ಯಾಖ್ಯಾನಕಾರ ದಿನೇಶ್ ಡಿಸೋಜಾ 2012ರ ನ್ಯೂಯಾರ್ಕ್ ಸೆನೆಟ್ ಚುನಾವಣೆಯಲ್ಲಿ ವೆಂಡಿ ಲಾಂಗ್ ಅವರಿಗೆ ಬೇರೆಯವರ ಕೈಯಿಂದ 20,000 ಡಾಲರ್ ಕೊಡಿಸಿ ಆಮೇಲೆ ಅವರಿಗೆ ತುಂಬಿಕೊಟ್ಟಿದ್ದರು. 2014ರಲ್ಲಿ ತಪ್ಪೊಪ್ಪಿಕೊಂಡರು, ಐದು ವರ್ಷ ನಿಗಾವಣೆ, ಅದರಲ್ಲಿ ಎಂಟು ತಿಂಗಳು ಸಮುದಾಯ ಬಂಧನ ಕೇಂದ್ರದಲ್ಲಿ, 30,000 ಡಾಲರ್ ದಂಡ. 2018ರಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಸೂಪರ್ ಪ್ಯಾಕ್‌ಗೆ ಎಷ್ಟು ಬೇಕಾದರೂ ತನ್ನ ಹೆಸರಿನಲ್ಲೇ ಕೊಡಬಹುದಾಗಿದ್ದ ಕಾಲದಲ್ಲಿ ನಡೆದದ್ದು ಇದು.

ಸಂಸ್ಥೆ ಇಂಥ ನಿಯಮ ಹಾಕಲು ಕಾನೂನು ಬಿಡುತ್ತದೆಯೇ? ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆ ನೌಕರರ ರಾಜಕೀಯ ಚಟುವಟಿಕೆಯನ್ನು ಮಾಲೀಕ ನಿಯಂತ್ರಿಸುವಂತಿಲ್ಲ ಎನ್ನುತ್ತದೆ. ನ್ಯೂಯಾರ್ಕ್ ಕೂಡ ಕೆಲಸದ ಹೊತ್ತಿನಾಚೆಯ ರಾಜಕೀಯ ಚಟುವಟಿಕೆಗೆ ರಕ್ಷಣೆ ಕೊಟ್ಟಿದೆ, ಆದರೆ ವೃತ್ತಿನಿರತ ಪತ್ರಕರ್ತರನ್ನು ಆ ರಕ್ಷಣೆಯಿಂದ ಹೊರಗಿಟ್ಟಿದೆ. ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲಿ ಟಕೋಮಾದ ಪತ್ರಿಕೆಯೊಂದರ ವರದಿಗಾರ್ತಿಯ ಮೊಕದ್ದಮೆಯಲ್ಲಿ, ರಾಜ್ಯದ ಕಾನೂನು ನೌಕರರಿಗೆ ರಕ್ಷಣೆ ಕೊಟ್ಟರೂ ಪತ್ರಿಕೆಯ ಸಂಪಾದಕೀಯ ಸ್ವಾತಂತ್ರ್ಯ ಅದಕ್ಕಿಂತ ಮೇಲು ಎಂದು ತೀರ್ಪು ಕೊಟ್ಟಿತು. ನಿಯಮವನ್ನು ನೇಮಕದ ಒಪ್ಪಂದದಲ್ಲೇ ಬರೆಯುವುದು ಒಳ್ಳೆಯದು. ಕೈಪಿಡಿಯ ನಲವತ್ತನೇ ಪುಟದಲ್ಲಿ ಹುದುಗಿಸಿಟ್ಟು ಆಮೇಲೆ ಅಮಾನತು ಮಾಡಿದರೆ ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಉತ್ತರ ಬರುತ್ತದೆ, ಓಲ್ಬರ್ಮನ್ ಹೇಳಿದ್ದೂ ಬಹುಮಟ್ಟಿಗೆ ಅದನ್ನೇ.

ಮಾಲೀಕರ ದುಡ್ಡಿನ ಮಾತೂ ಬರಬೇಕು. ನೌಕರನ 2,400 ಡಾಲರ್ ಚರ್ಚೆಯಾದ ಅದೇ 2010ರಲ್ಲಿ ಆಗ ಫಾಕ್ಸ್‌ನ ಒಡೆಯನಾಗಿದ್ದ ನ್ಯೂಸ್ ಕಾರ್ಪ್ ಕಂಪನಿ ರಿಪಬ್ಲಿಕನ್ ಗವರ್ನರುಗಳ ಸಂಘಕ್ಕೆ 10 ಲಕ್ಷ ಡಾಲರ್ ಕೊಟ್ಟಿತ್ತು. ಅದಕ್ಕೆ ಕಂಪನಿಯ ಮುಖ್ಯಸ್ಥ ರೂಪರ್ಟ್ ಮರ್ಡಾಕ್ ಕೊಟ್ಟ ಕಾರಣಗಳಲ್ಲಿ ಜಾನ್ ಕೇಸಿಕ್ ಅವರೊಂದಿಗಿನ ಸ್ನೇಹವೂ ಒಂದು. ಕೇಸಿಕ್ ಹಿಂದೆ ಫಾಕ್ಸ್‌ನಲ್ಲಿ ನಿರೂಪಕರಾಗಿದ್ದು ಆಗ ಒಹಾಯೋ ಗವರ್ನರ್ ಸ್ಥಾನಕ್ಕೆ ನಿಂತಿದ್ದರು. ಮಾಲೀಕ ಹೀಗೆ ಕೊಡುತ್ತಿರುವಾಗ ನೌಕರನಿಗೆ ಮಾತ್ರ ಕೈಕೋಳವೇ ಎಂಬ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟಿಗೆ ಉತ್ತರ ಮಾಲೀಕನಿಗೂ ಅದೇ ನಿಯಮ ಹಾಕುವುದು, ಇಬ್ಬರಿಗೂ ಬಿಟ್ಟುಬಿಡುವುದಲ್ಲ.

ನಿಷೇಧ ಬೇಡ, ಘೋಷಣೆ ಸಾಕು ಎನ್ನುವವರು ಬಿಲ್ ಮಾರ್ ಅವರನ್ನು ತೋರಿಸುತ್ತಾರೆ. ಹಾಸ್ಯಗಾರನೂ ರಾಜಕೀಯ ಮಾತುಗಾರನೂ ಆದ ಅವರು 2012ರ ಫೆಬ್ರವರಿಯಲ್ಲಿ ಒಬಾಮ ಪರ ಸೂಪರ್ ಪ್ಯಾಕ್‌ಗೆ 10 ಲಕ್ಷ ಡಾಲರ್ ಕೊಟ್ಟು ಅದನ್ನು ವೇದಿಕೆಯ ಮೇಲೆಯೇ ಸಾರಿದರು. ಅವರನ್ನು ನೋಡುವವರಲ್ಲಿ ಇದು ಗೊತ್ತಿಲ್ಲದವರು ಕಡಿಮೆ. ಎದುರಿಗೆ ಜಾರ್ಜ್ ಸ್ಟೆಫನೊಪೊಲಸ್ ಅವರನ್ನು ಇಡಿ. ಆಗ ಎಬಿಸಿ ವಾಹಿನಿಯ ಮುಖ್ಯ ನಿರೂಪಕರಾಗಿದ್ದ ಇವರು ಮೂರು ವರ್ಷಗಳಲ್ಲಿ ಕ್ಲಿಂಟನ್ ಪ್ರತಿಷ್ಠಾನಕ್ಕೆ 75,000 ಡಾಲರ್ ಕೊಟ್ಟಿದ್ದರು. ಅದು ಚುನಾವಣಾ ದೇಣಿಗೆಯೇ ಅಲ್ಲ, ದತ್ತಿ. ಆದರೂ 2015ರಲ್ಲಿ, ಆ ಪ್ರತಿಷ್ಠಾನವನ್ನೇ ಟೀಕಿಸಿ ಪುಸ್ತಕ ಬರೆದವರನ್ನು ಪರದೆಯ ಮೇಲೆ ಸಂದರ್ಶಿಸುವಾಗ ಹೇಳಲಿಲ್ಲ. ಕೆಲವೇ ವಾರಗಳಲ್ಲಿ ಸಂಗತಿ ಹೊರಬಂತು, ಕ್ಷಮೆ ಕೇಳಿದರು, ರಿಪಬ್ಲಿಕನ್ ಅಭ್ಯರ್ಥಿಗಳ ಚರ್ಚೆ ನಡೆಸಿಕೊಡುವ ಅವಕಾಶದಿಂದ ಹಿಂದೆ ಸರಿದರು. ಹೇಳಿ ಕೊಟ್ಟ 10 ಲಕ್ಷ ಜೀರ್ಣವಾಯಿತು, ಹೇಳದೆ ಕೊಟ್ಟ 75,000 ಆಗಲಿಲ್ಲ.

ಘೋಷಣೆಯ ಬಲ ಇದರಲ್ಲಿ ಕಾಣುತ್ತದೆ, ಒಪ್ಪುತ್ತೇನೆ. ಸಂಸ್ಥೆಗೆ ನಿಷೇಧ ಹಾಕುವ ಮನಸ್ಸಿಲ್ಲದಿದ್ದರೆ ಘೋಷಣೆಯನ್ನಾದರೂ ಸರಿಯಾಗಿ ಮಾಡಿಸಬೇಕು. ಜಾಲತಾಣದ ಮೂಲೆಯಲ್ಲಿ ಪಟ್ಟಿ ಹಾಕಿದರೆ ಆಗದು. ಆ ಅಭ್ಯರ್ಥಿಯ ಅಥವಾ ಅವನ ಎದುರಾಳಿಯ ಹೆಸರು ಕಾರ್ಯಕ್ರಮದಲ್ಲಿ ಬಂದಾಗಲೆಲ್ಲ, ಮಾತು ಶುರುವಾಗುವ ಮುನ್ನ, ಮೊತ್ತ ಮತ್ತು ತಿಂಗಳು ಸಮೇತ ನಿರೂಪಕನ ಬಾಯಲ್ಲೇ ಬರಬೇಕು: ‘ಇವರ ಪ್ರಚಾರಕ್ಕೆ ನಾನು ಆಗಸ್ಟ್‌ನಲ್ಲಿ ಸಾವಿರ ಡಾಲರ್ ಕೊಟ್ಟಿದ್ದೇನೆ.’ ದುಡ್ಡು ಕೊಟ್ಟ ಅಭ್ಯರ್ಥಿಯನ್ನು ಆ ಚುನಾವಣೆ ಮುಗಿಯುವವರೆಗೆ ತಾನು ಸಂದರ್ಶಿಸಬಾರದು. ಪ್ರತಿ ಸಲ ಹೀಗೆ ಹೇಳಬೇಕು ಎಂದ ಕೂಡಲೇ ಹೆಚ್ಚಿನವರು ಕೊಡುವುದನ್ನೇ ಬಿಡುತ್ತಾರೆ ಎಂಬುದು ನನ್ನ ಅಂದಾಜು.

ದುಡ್ಡನ್ನು ಬಿಟ್ಟು ಬೇರೆ ಸಹಾಯವೂ ಉಂಟಲ್ಲ ಎನ್ನಬಹುದು. ಉಂಟು. 1980ರಲ್ಲಿ ಅಂಕಣಕಾರ ಜಾರ್ಜ್ ವಿಲ್ ಅಧ್ಯಕ್ಷ ಕಾರ್ಟರ್ ಎದುರಿನ ಚುನಾವಣಾ ಚರ್ಚೆಗೆ ಎದುರಾಳಿ ರೇಗನ್ ಅವರನ್ನು ಸಜ್ಜುಗೊಳಿಸುವ ತಾಲೀಮಿನಲ್ಲಿ ಕೂತಿದ್ದರು. ಆಮೇಲೆ ಟಿವಿಯಲ್ಲಿ ರೇಗನ್ ಪ್ರದರ್ಶನವನ್ನು ಹೊಗಳಿದರು. ಒಂದು ಡಾಲರ್ ಕೂಡ ಕೈ ಬದಲಿಸಿರಲಿಲ್ಲ. ನಿಯಮ ದುಡ್ಡಿಗಷ್ಟೇ ಸೀಮಿತವಾದರೆ ಇಂಥದ್ದು ಅದರ ಬಲೆಗೆ ಬೀಳುವುದೇ ಇಲ್ಲ. ಸಲಹೆ, ಭಾಷಣ ತಿದ್ದಿಕೊಡುವುದು, ತಾಲೀಮು ಎಲ್ಲವೂ ದೇಣಿಗೆಯ ಪಕ್ಕದಲ್ಲೇ ನಿಲ್ಲಬೇಕು.

ಉಪನ್ಯಾಸದ ಬಳಿಕ ಕೇಳಿದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ನಿರೂಪಕನಾಗುವ ಮುಂಚೆ ಕೊಟ್ಟಿದ್ದರೆ? ಪಕ್ಷದ ಸಲಹೆಗಾರರು, ಮಾಜಿ ಸಂಸದರು ನೇರವಾಗಿ ಸ್ಟುಡಿಯೋಗೆ ಬರುವ ಕಾಲದಲ್ಲಿ ಇದು ದಿನನಿತ್ಯದ ಸಮಸ್ಯೆ. ಹಳೆಯ ದೇಣಿಗೆಗೆ ಶಿಕ್ಷೆಯಿಲ್ಲ. ನೇಮಕದ ದಿನ ಹಿಂದಿನ ಎರಡು ಚುನಾವಣಾ ಅವಧಿಗಳ, ಅಂದರೆ ನಾಲ್ಕು ವರ್ಷಗಳ ಪಟ್ಟಿ ತೆಗೆದುಕೊಳ್ಳಬೇಕು, ಸಂಸ್ಥೆಯೂ ತಾನಾಗಿ ಆಯೋಗದ ಮತ್ತು ರಾಜ್ಯದ ದಾಖಲೆಗಳನ್ನು ನೋಡಬೇಕು, ನಡೆಯುತ್ತಿರುವ ಮಾಸಿಕ ಕಡಿತವಿದ್ದರೆ ಅಂದೇ ನಿಲ್ಲಿಸಬೇಕು. ದುಡ್ಡು ವಾಪಸ್ ಕೇಳುವುದರಿಂದ ಪ್ರಯೋಜನ ಕಡಿಮೆ: ಸಮಿತಿ ಕೊಡಲೇಬೇಕೆಂದಿಲ್ಲ, ಕೊಟ್ಟರೂ ಮೊದಲಿನ ನಮೂದು ಅಳಿಯುವುದಿಲ್ಲ, ಅದರ ಕೆಳಗೆ ಹಿಂತಿರುಗಿಸಿದ ಸಾಲೊಂದು ಸೇರುತ್ತದೆ ಅಷ್ಟೇ.